ಬಂಡಿಜಾಡಿಗೆ ಹೊಂದುವ ಟಾಯರಿನ ಬಾಬ್ತು

ದಿನಾಂಕ: 22-10-1991, ಮಂಗಳವಾರ
ಸ್ಥಳ: ಲಿಂಗಸುಗೂರು, ತಹಸೀಲ್ ಕಚೇರಿಯ ಎದುರಿನ ಬೇವಿನ ಮರದ ಬುಡ

ಇಂದ,
ಆದೆಪ್ಪ, ಪಿಕಪ್ ಗಾಡಿಯ ಮಾಲೀಕ ಮತ್ತು ಅದರದೇ ಡ್ರೈವರ್,
ಸಾಕಿನ್ ಮಸ್ಕಿ, ತಾಲೂಕು ಲಿಂಗಸುಗೂರು
(ಇನ್ನು ಮುಂದೆ ‘ಅರ್ಜಿದಾರ’)

ಗೆ,
ಶ್ರೀಮತಿ ಗ್ಯಾನಮ್ಮ ಗಂಡ ಆದೆಪ್ಪ,
ಕಾಯಂ ವಿಳಾಸ: ಮಸ್ಕಿ (ತಕರಾರು ಇದ್ದಲ್ಲಿ ತಿಳಿಸುವುದು)
ಹಾಲಿ ವಾಸ: ತವರುಮನೆ, ಗೊರೇಬಾಳ, ತಾಲೂಕು ಸಿಂಧನೂರು

ಮುಖಾಂತರ: ಶ್ರೀ ಯಂಕೋಬ, ತಮ್ಮ ತಂದೆಯವರು ಹಾಗೂ ಅರ್ಜಿದಾರನ ಮಾವನವರು

ವಿಷಯ: ತಮ್ಮ ಮಾತಿನಂತೆ ಪಿಕಪ್ ಗಾಡಿಗೆ ಸಣ್ಣ ಟಾಯರ್ ಹಾಕಿಸಿರುವ ಕಾರಣ, ತಾವು ಗಂಡನ ಮನೆಗೆ ವಾಪಸ್ ಬರುವ ಕುರಿತು.

ಉಲ್ಲೇಖ:
1) ಬನ್ನಿ ಹಬ್ಬದ ದಿನ ತಾವು ತಂದೆಯವರ ಬಾಯಲ್ಲಿ ಹೇಳಿ ಕಳಿಸಿದ ಮಾತು.
2) ಅರ್ಜಿದಾರನ ತಾಯಿ ಗಿರಿಯಮ್ಮ ದಿನಾಲೂ ರೊಟ್ಟಿ ಬಡಿಯುತ್ತಾ ಆಡುವ ಮಾತುಗಳು, ಬಡಿಯುವ ಸದ್ದು ಸಹಿತ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಅರ್ಜಿಯನ್ನು ಬಾಯಲ್ಲಿ ಹೇಳಿದವನು ಅರ್ಜಿದಾರ. ಕೈಯಲ್ಲಿ ಬರೆದವನು ಕನಕರಾಯ, ಕಚೇರಿಯ ಎದುರು ಅರ್ಜಿ ಬರೆದು ಹೊಟ್ಟೆ ಹೊರೆಯುವವನು. ಪಹಣಿ, ಪಿಂಚಣಿ, ಬಾವಿ ಮಂಜೂರಾತಿ ಬಿಟ್ಟು ಬೇರೆ ಬರವಣಿಗೆ ಇವನಿಗೆ ಬಾರದ ಕಾರಣ, ಗಂಡ ಹೆಂಡತಿಗೆ ಬರೆಸಿದ ಕಾಗದವೂ ಇದೇ ಧಾಟಿಯಲ್ಲಿ ಬಂದಿದೆ. ಅರ್ಜಿದಾರನು ಮೊದಲಿಗೆ ‘ಏ ಗ್ಯಾನಿ’ ಎಂದು ಶುರು ಮಾಡಲು ಸೂಚಿಸಿದ್ದನು. ಮುನಿದು ತವರು ಸೇರಿದ ಹೆಂಡತಿಗೆ ಏಕವಚನ ಸಲ್ಲುವುದಿಲ್ಲವೆಂದು ಬರೆಯುವವನು ಅದನ್ನು ತಿರಸ್ಕರಿಸಿದ್ದಾನೆ.

1. ಅರ್ಜಿದಾರನು ಮಸ್ಕಿ ಸಂತೆಯ ಕುರಿ, ಲಿಂಗಸುಗೂರಿನ ಕಿರಾಣಿ, ಬಳಗಾನೂರಿನ ಭತ್ತ, ಸಿಂಧನೂರಿನ ಅಕ್ಕಿ, ಯಾವುದನ್ನೂ ಒಲ್ಲೆನ್ನದೆ ತನ್ನ ಪಿಕಪ್ಪಿನಲ್ಲಿ ಹೊತ್ತು ಸಂಸಾರ ಸಾಗಿಸುತ್ತಿರುವುದು ತಮಗೆ ತಿಳಿದ ಸಂಗತಿ. ಹಳೆಯ ಟಾಯರುಗಳು ಸವೆದು ಬೋಳಾದ ಕಾರಣ, ಹೋದ ಶ್ರಾವಣದಲ್ಲಿ ಅವನು ಹೊಸ ಟಾಯರ್ ತರಲು ಲಿಂಗಸುಗೂರಿಗೆ ಹೊರಟು ನಿಂತಾಗ, ತಾವು ಬಾಗಿಲಿಗೆ ಬಂದು ಹೇಳಿದ್ದು ಹೀಗಿದೆ: “ಸಣ್ಣ ಟಾಯರ್ ತರ್ರಿ. ನಮ್ಮೂರ ದಾರಿ ಎರಿಮಣ್ಣಿಂದು, ಬಾಜೂಕ ಕಾಲುವಿ ನೀರು. ಅಗಲ ಟಾಯರಿಗೆ ಎರಿ ಮೆತ್ಕೊಂತೈತಿ. ನಮ್ಮಪ್ಪನ ಬಂಡಿ ಗಾಲಿ ನೋಡೀರಿಲ್ಲ, ನಾಕು ಬೆರಳು ಅಗಲ ಇಲ್ಲ, ಎಂದಾರ ಹುಗದೈತೇನು?” ಅರ್ಜಿದಾರನು ಹೂಂ ಎಂದಿದ್ದನು. ಹೂಂ ಎಂದದ್ದನ್ನು ಅವನು ಈಗಲೂ ಅಲ್ಲಗಳೆಯುವುದಿಲ್ಲ.

2. ಟಾಯರ್ ಅಂಗಡಿಯ ದಾದೇಸಾಬನು ಸಣ್ಣ ಟಾಯರನ್ನೇ ಹೊರಗೆ ತೆಗೆದಿದ್ದನು. ಆದರೆ ಅದೇ ಹೊತ್ತಿಗೆ ಪಂಕ್ಚರ್ ಹಾಕಿಸಲು ಬಂದಿದ್ದ, ಅರ್ಜಿದಾರನ ಗೆಳೆಯನೂ ಇನ್ನೊಂದು ಪಿಕಪ್ಪಿನ ಮಾಲೀಕನೂ ಆದ ಪಂಪಣ್ಣನು, “ಏನಲೇ ಆದೆಪ್ಪ, ಇಷ್ಟು ದೊಡ್ಡ ಗಾಡಿಗೆ ಸೈಕಲ್ ಟಾಯರಾ? ಯಾರು ಹೇಳಿದ್ರು?” ಎಂದು ಕೇಳಿದನು. ‘ನನ್ನ ಹೆಂಡತಿ’ ಎನ್ನುವುದು ಎರಡೇ ಶಬ್ದ. ಆ ಎರಡು ಶಬ್ದ ಹೇಳಲಾರದ ಕಾರಣ ಅರ್ಜಿದಾರನು ಅಂಗಡಿಯಲ್ಲೇ ಅತ್ಯಂತ ಅಗಲವಾದ ನಾಲ್ಕು ಟಾಯರನ್ನು, ಅವಕ್ಕೆ ಬೇಕಾದ ಬೇರೆ ಗಾಲಿ ಡಿಸ್ಕ್ ಸಮೇತ ಹಾಕಿಸಿದನು. ದಾದೇಸಾಬನು, “ಸೋಚ್ ಮಾಡು ಆದೆಪ್ಪಣ್ಣ, ಮಡ್‌ಗಾರ್ಡಿಗೂ ಟಾಯರಿಗೂ ನಡಕ ಬೆರಳು ತೂರಂಗಿಲ್ಲ” ಎಂದದ್ದು ದಾಖಲೆಗೆ ಇರಲಿ.

3. ಗಾಡಿಯು ಎದೆ ಉಬ್ಬಿಸಿಕೊಂಡು ಮಸ್ಕಿಗೆ ಬಂದಿತು, ಅರ್ಜಿದಾರನೂ ಹಾಗೆಯೇ ಬಂದನು. ಬಸ್ ನಿಲ್ದಾಣದ ಸುತ್ತ ಕಾರಣವಿಲ್ಲದೆ ಓಡಾಡಿದನು. ತಾವು ಟಾಯರ್ ನೋಡಿ ಒಳಗೆ ಹೋದಿರಿ. ತಾಯಿ ಗಿರಿಯಮ್ಮ ಮಾತ್ರ, “ಟಾಯರ್ ಅಗಲ ಇದ್ರ ಆತೇನಪಾ, ಕಿವಿ ಅಗಲ ಇರಬೇಕು” ಎಂದರು. ಅವರು ತಮ್ಮ ಪಕ್ಷದವರೆಂಬುದು ಆಗಲೇ ಗೊತ್ತಾಗಬೇಕಿತ್ತು.

4. ಉತ್ತರಿ ಮಳೆಯಲ್ಲಿ ತಮ್ಮ ತಂಗಿ ಶೇಖಮ್ಮನ ಕುಬುಸ ಗೊರೇಬಾಳದ ತವರಿನಲ್ಲಿ ನಿಗದಿಯಾಯಿತು. ಬಸುರಿಗೆ ಬುತ್ತಿ ಒಯ್ಯುವ ಸಲುವಾಗಿ ತಾವು, ಗಿರಿಯಮ್ಮ ಮತ್ತು ಓಣಿಯ ಹೆಂಗಸರು ಹೋಳಿಗೆ, ಕಡುಬು, ಐದು ನಮೂನಿ ಅನ್ನದ ಬುಟ್ಟಿಗಳ ಸಮೇತ ಪಿಕಪ್ ಏರಿದಿರಿ. ಡಾಂಬರು ರಸ್ತೆ ಇರುವತನಕ ಅಗಲ ಟಾಯರಿನ ಮೇಲೆ ಹೂವಿನಂತೆ ಹೋದ ಗಾಡಿಯು ಗೊರೇಬಾಳದ ಹೊಲದಾರಿಗೆ ಇಳಿದ ಕೂಡಲೇ ಹಟ ಹಿಡಿಯಿತು. ಬಂಡಿಗಳು ಓಡಾಡಿ ಬಿದ್ದ ಜಾಡು ಅಲ್ಲಿತ್ತು. ಅದರೊಳಗೆ ಇಳಿಯಲು ಈ ಟಾಯರಿಗೆ ಜಾಗ ಸಾಲದು, ಮೇಲೆ ನಿಲ್ಲಲು ಜಾರಿಕೆ ಬಿಡದು. ಎರೆಮಣ್ಣು ಮೆತ್ತಿ ಮೆತ್ತಿ ಮಡ್‌ಗಾರ್ಡಿನೊಳಗೆ ಒತ್ತಿ ತುಂಬಿಕೊಂಡು ಗಾಲಿ ತಿರುಗುವುದನ್ನೇ ಬಿಟ್ಟಿತು. ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ಇಳಿದರು. ಅನ್ನ ಬಡಿಸಲು ತಂದ ಸೌಟಿನಿಂದ ಅರ್ಜಿದಾರನು ಮಣ್ಣು ಕೆರೆದನು. ಸೌಟು ಬಾಗಿತು, ಮಣ್ಣು ಬಾಗಲಿಲ್ಲ.

ಬೀಗರು ಇನ್ನೂ ಬರಲಿಲ್ಲವೆಂದು ನೋಡಲು ಮಾವನವರು ಬಂಡಿ ಹೂಡಿಕೊಂಡು ಅದೇ ಜಾಡಿನಲ್ಲಿ ಎದುರು ಬಂದರು. ಎತ್ತು ಬಿಚ್ಚಿ, ಹಗ್ಗ ಕಟ್ಟಿ, ಪಿಕಪ್ಪಿಗೆ ಹೂಡಿ, ಸ್ವತಃ ಗಾಲಿಗೆ ಹೆಗಲು ಕೊಟ್ಟು ಗಾಡಿಯನ್ನು ಗಟ್ಟಿ ನೆಲಕ್ಕೆ ತಂದರು. ಆಗ ಗಿರಿಯಮ್ಮನವರು, “ಎತ್ತು ಹೂಡೂ ಗಾಡಿಗೆ ಡೀಸೆಲ್ ಯಾಕ ಸುರೀತೀಯಪಾ?” ಎಂದು ಕೇಳಲಾಗಿ ಓಣಿಯ ಹೆಂಗಸರೆಲ್ಲ ನಕ್ಕರು. ತಾವೂ ನಕ್ಕಿರಿ. ತಾವು ನಕ್ಕದ್ದೇ ಹೆಚ್ಚಾಗಿ ಅರ್ಜಿದಾರನು ಒಂದು ಮಾತು ಆಡಿದನು. ಸದರಿ ಮಾತನ್ನು ಇಲ್ಲಿ ಬರೆಯುವುದು ಬೇಡವೆಂದು ಅರ್ಜಿದಾರನ ಕೋರಿಕೆ. ಆ ಮಾತು ಆದ ಮೇಲೆ ತಾವು ಬುಟ್ಟಿ ಎತ್ತಿಕೊಂಡು ತಂದೆಯವರ ಬಂಡಿ ಏರಿದಿರಿ. ಕುಬುಸ ಆಯಿತು, ಉಂಡದ್ದಾಯಿತು, ಸಂಜೆ ಎಲ್ಲರೂ ಮಸ್ಕಿಗೆ ಬಂದರು. ತಾವು ಬರಲಿಲ್ಲ.

5. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಂಬಿ ಅರ್ಜಿದಾರನು ಕೆಲವು ದಿನ ಸುಮ್ಮನಿದ್ದನು. ಆದರೆ ಅವನು ಉಣ್ಣುವುದು ಮಸ್ಕಿಯಲ್ಲೂ ತಾವು ಮಲಗುವುದು ಗೊರೇಬಾಳದಲ್ಲೂ ಆಗುತ್ತಿರುವುದರಿಂದ ಸದರಿ ಗಾದೆ ಈ ಪ್ರಕರಣಕ್ಕೆ ಅನ್ವಯವಾಗಲಿಲ್ಲ. ಕಾರಣ ಅವನು ಬಸ್ ಹತ್ತಿ ಗೊರೇಬಾಳಕ್ಕೆ ಹೋದನು. ಮಾವನವರು ಉಣ್ಣಲು ಕೊಟ್ಟು, ಮಳೆಯ ಬಗ್ಗೆ ಮಾತಾಡಿ, ಬಸ್ಸಿನ ಹೊತ್ತಾಯಿತೆಂದು ಅವರೇ ನೆನಪು ಮಾಡಿ ಕಳಿಸಿದರು.

6. ಟಾಯರಿನದೇ ತಪ್ಪಿರಬೇಕೆಂದು ತಿಳಿದು ಅರ್ಜಿದಾರನು ದಾದೇಸಾಬನ ಅಂಗಡಿಗೆ ಮತ್ತೆ ಹೋದನು. ಸಣ್ಣ ಟಾಯರ್ ಕೇಳಿದನು. ಪಂಪಣ್ಣನು ಆಗಲೂ ಅಲ್ಲಿಯೇ ಇದ್ದನು, ಅವನಿಗೆ ಬೇರೆ ಕೆಲಸವಿಲ್ಲ. ಈ ಸಲ ಅರ್ಜಿದಾರನು, “ನನ್ನ ಹೆಂಡತಿ ಹೇಳ್ಯಾಳ, ಏನೀಗ?” ಎಂದನು. ಏನೂ ಇರಲಿಲ್ಲ. ಅಗಲ ಟಾಯರುಗಳನ್ನು ಪಂಪಣ್ಣನೇ ಆಸೆಪಟ್ಟು ಕೊಂಡನು. ಹೋದ ವಾರ ಬಳಗಾನೂರಿನ ಕಾಲುವೆ ಬಾಜೂಕ ಅವನ ಗಾಡಿ ಹುಗಿದು ನಿಂತಿದ್ದನ್ನು ಕಂಡು ಅರ್ಜಿದಾರನು ನಗಲಿಲ್ಲ. ಹಗ್ಗ ಕಟ್ಟಿ ಎಳೆದುಕೊಟ್ಟು, ಕಾಲುವೆ ದಾಟಿದ ಮೇಲೆ ನಕ್ಕನು.

ಸಣ್ಣ ಟಾಯರಿನ ಮೇಲೆ ಪಿಕಪ್ ಗೊರೇಬಾಳದ ಹೊಲದಾರಿಗೆ ಇಳಿದಾಗ ಬಂಡಿಜಾಡಿನಲ್ಲಿ ಅಚ್ಚುಕಟ್ಟಾಗಿ ಕುಳಿತು, ಕೆಳಗಿನ ಗಟ್ಟಿ ನೆಲ ಹಿಡಿದು, ಒಂದೇ ಉಸಿರಿಗೆ ತಮ್ಮ ಅಂಗಳ ಮುಟ್ಟಿತು. ಅರ್ಜಿದಾರನು ಗೆದ್ದೆನೆಂದು ಉದ್ದಕ್ಕೆ ಹಾರ್ನ್ ಹೊಡೆದನು. ಎತ್ತು ಬೆದರಿ ಹಗ್ಗ ಹರಿದವು. ತಾವು ಹೊರಗೆ ಬಂದು ನಾಲ್ಕೂ ಟಾಯರನ್ನು ಸುತ್ತು ಹಾಕಿ ನೋಡಿ, “ಟಾಯರ್ ಚಲೋ ಅದಾವ” ಎಂದು ಹೇಳಿ ಒಳಗೆ ಹೋದಿರಿ. ಅರ್ಜಿದಾರನ ಮೋರೆಯನ್ನು ನೋಡಲಿಲ್ಲ.

7. ಬನ್ನಿ ಹಬ್ಬಕ್ಕೆ ಮತ್ತೆ ಹೋದನು. ತಾವು ಅವನ ಕೈಯಿಂದ ಬನ್ನಿ ತಗೊಂಡಿರಿ, ಅವನ ಕೈಗೂ ಬನ್ನಿ ಕೊಟ್ಟಿರಿ, “ಬಂಗಾರದಂಗ ಇರೂಣು” ಎಂದಿರಿ. ಓಣಿಯ ಎಲ್ಲರಿಗೂ ಅಂದ ಹಾಗೆಯೇ ಅಂದಿರಿ. ಆನಂತರ ತಂದೆಯವರ ಬಾಯಲ್ಲಿ ಹೇಳಿ ಕಳಿಸಿದ್ದು ಇಷ್ಟು: “ಬಾಯಿಲೆ ಬ್ಯಾಡ. ಅವತ್ತು ಏನಂದ್ರೋ ಅದನ್ನ ಕಾಗದದಾಗ ಬರಸ್ಕೊಂಡು ಬರ್ಲಿ. ಬರಿಯಾಕ ಕೈ ಏಳತೈತೋ ಇಲ್ಲೋ ನೋಡೂಣು.”

8. ಇಲ್ಲಿಗೆ ಬಂದಾಗ ಬರೆಯುವವನು ಪೆನ್ನು ಕೆಳಗಿಟ್ಟು, ನಾಲ್ಕನೇ ಕಲಮಿನಲ್ಲಿ ಬಿಟ್ಟ ಮಾತು ಯಾವುದೆಂದು ಕೇಳಿದನು. ಅರ್ಜಿದಾರನು ಬೇವಿನ ಮರ ನೋಡಿದನು. ಚಹಾ ತರಿಸಿದನು. ಬರೆಯುವವನು, “ತಮ್ಮಾ, ಅದನ್ನ ಬಿಟ್ಟು ಬರದ್ರ ಇದು ಬರೇ ಟಾಯರಿನ ಕಾಗದ ಆಕೈತಿ. ಆಕಿ ಟಾಯರ್ ಕೇಳ್ಯಾಳೇನು?” ಎಂದನು. ಚಹಾ ಆರಿತು. ಆಮೇಲೆ ಅರ್ಜಿದಾರನು ತಲೆ ಎತ್ತದೆ ಹೇಳಿದ್ದು:

“ನಿಮ್ಮ ಮನಿಯವರ ಭಾರ ಹೊತ್ತು ಹೊತ್ತು ನನ್ನ ಗಾಡಿ ಹುಗದೈತಿ ಅಂದೆ. ಮಾವ ಬಾಜೂಕ ಇದ್ದ. ಎತ್ತಿನ ಕಾಲಿನ ಕೆಸರು ಒರಸಾಕತ್ತಿದ್ದ. ಕೇಳಿಸ್ಕೊಂಡ. ‘ಎತ್ತಿಗೆ ನೀರು ಕುಡಸ್ಬೇಕು’ ಅಂತ ಅಂದು ಬಂಡಿ ಹೂಡಿದ.”

ಅದರಲ್ಲಿ ಅಷ್ಟು ಸಿಟ್ಟಾಗುವಂಥದ್ದು ಏನೆಂದು ಬರೆಯುವವನು ಕೇಳಲಾಗಿ ತಿಳಿದದ್ದೇನೆಂದರೆ, ಪಿಕಪ್ ಕೊಳ್ಳುವಾಗ ಕಡಿಮೆ ಬಿದ್ದದ್ದನ್ನು ತುಂಬಲು ಮಾವನವರು ತಮ್ಮ ಎರಡು ಜೋಡಿ ಎತ್ತಿನಲ್ಲಿ ಒಂದು ಜೋಡಿಯನ್ನು ಮಾರಿದ್ದರು. ಅದನ್ನು ಅಂದಿನಿಂದ ಇಂದಿನವರೆಗೆ ಅವರು ಬಾಯಿಬಿಟ್ಟು ಹೇಳಿದವರಲ್ಲ. ಹುಗಿದ ಗಾಡಿಯನ್ನು ಎಳೆದದ್ದು ಉಳಿದ ಜೋಡಿ. ಯಾರ ಭಾರವನ್ನು ಯಾರು ಹೊತ್ತಿದ್ದರೆಂದು ಅಲ್ಲಿದ್ದ ಎತ್ತಿಗೂ ಗೊತ್ತಿತ್ತು, ಅರ್ಜಿದಾರನಿಗೆ ಮಾತ್ರ ಮರೆತಿತ್ತು.

9. ಕಾರಣ, ಮೇಲೆ ‘ವಿಷಯ’ ಎಂದು ಬರೆದದ್ದು ತಪ್ಪಾಗಿದೆ. ವಿಷಯವು ಟಾಯರ್ ಅಲ್ಲ. ಬೇರೆ ಹಾಳೆ ಇಲ್ಲದ ಕಾರಣ ಹೊಡೆದುಹಾಕದೆ ಹಾಗೆಯೇ ಬಿಡಲಾಗಿದೆ, ತಾವು ತಿದ್ದಿಕೊಂಡು ಓದುವುದು.

10. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಅರ್ಜಿದಾರನಿಗೆ ಗೊತ್ತಿದೆ. ಆಡಿದ ಮಾತನ್ನು ರದ್ದು ಮಾಡುವ ಅಧಿಕಾರ ಯಾವ ಕಚೇರಿಗೂ ಇಲ್ಲವೆಂದು ಬರೆಯುವವನೂ ತಿಳಿಸಿದ್ದಾನೆ. ಆದ್ದರಿಂದ ಅದನ್ನು ರದ್ದು ಮಾಡಿರೆಂದು ಅವನು ಕೇಳುವುದಿಲ್ಲ. ಅದು ಸುಳ್ಳು ಎಂದು ದಾಖಲು ಮಾಡಿಕೊಳ್ಳಿರೆಂದು ಮಾತ್ರ ಕೇಳುತ್ತಾನೆ.

ಆದ್ದರಿಂದ, ಗಿರಿಯಮ್ಮನವರು ಮಗನಿಗೆ ರೊಟ್ಟಿಯನ್ನು ತಾಟಿಗೆ ಹಾಕದೆ ದೂರದಿಂದ ಎಸೆಯುತ್ತಿರುವ ಕಾರಣವಾಗಿಯೂ, ಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಇಬ್ಬರಿಗೂ ತಿಳಿಯದ ಕಾರಣವಾಗಿಯೂ, ಪಿಕಪ್ಪಿನ ಮುಂದಿನ ಸೀಟಿನಲ್ಲಿ ಅರ್ಜಿದಾರನು ಯಾರನ್ನೂ ಕೂರಿಸದೆ ಕುರಿ ವ್ಯಾಪಾರಿಗಳನ್ನು ಕುರಿಗಳ ಜತೆಗೇ ಹಿಂದೆ ನಿಲ್ಲಿಸುತ್ತಿರುವ ಕಾರಣವಾಗಿಯೂ, ಮುಖ್ಯವಾಗಿ ತಾವಿಲ್ಲದೆ ಅವನಿಗೆ ಬೇಸರವಾಗಿರುವ ಕಾರಣವಾಗಿಯೂ, ತಾವು ದಯವಿಟ್ಟು ವಾಪಸ್ ಬರಬೇಕೆಂದು ಕೈಮುಗಿದು ವಿನಂತಿ.

ತಮ್ಮ ವಿಶ್ವಾಸಿ (ವಿಶ್ವಾಸ ಉಳಿದಿದ್ದಲ್ಲಿ),
ಸಹಿ: ಆದೆಪ್ಪ

ಬರೆದವನು: ಕನಕರಾಯ. ಬರೆದದ್ದಕ್ಕೆ ಏನೂ ತಗೊಂಡಿಲ್ಲ, ಆರಿದ ಚಹಾ ಕುಡಿದಿದ್ದೇನೆ.

ಲಗತ್ತುಗಳು:
1) ಸೌಟು, ಒಂದು. ತೊಳೆದು ನೆಟ್ಟಗೆ ಮಾಡಿದ್ದು. ಪೂರಾ ನೆಟ್ಟಗಾಗಿಲ್ಲ.
2) ಎತ್ತಿಗೆ ಹೊಸ ಹಗ್ಗ, ಒಂದು ಜತೆ.
3) ಸಣ್ಣ ಟಾಯರ್, ನಾಲ್ಕು. ಗಾಡಿಗೆ ಹಾಕಿರುವ ಕಾರಣ ಇದರೊಂದಿಗೆ ಲಗತ್ತಿಸಿಲ್ಲ, ಗಾಡಿ ಹೊಲದ ಬದುವಿನ ಹತ್ತಿರ ನಿಂತಿರುತ್ತದೆ, ಬಂದರೆ ಕಾಣುತ್ತವೆ.
4) ಗಿರಿಯಮ್ಮನವರ ಬಾಯಿಸಂದೇಶ: “ಬರೂದಿದ್ರ ಬಾರವ್ವ, ಇಲ್ಲಾಂದ್ರ ನಾನೂ ಅಲ್ಲಿಗೇ ಬರ್ತೀನಿ.”

ಪ್ರತಿ: ಶ್ರೀ ಯಂಕೋಬ ಮಾವನವರಿಗೆ. ಎತ್ತಿಗೆ ನೀರು ಕುಡಿಸಿ ಆದ ಮೇಲೆ, ಮಗಳಿಂದ ಓದಿಸಿಕೊಂಡು ಕೇಳುವುದು. ಎಂಟನೇ ಕಲಮನ್ನು ಓದುವಾಗ ಅರ್ಜಿದಾರನು ಎದುರಿಗೆ ನಿಂತಿರುತ್ತಾನೆ.

ಕೊನೆಯ ಕೋರಿಕೆ: ತಾವು ಮಸ್ಕಿಗೆ ಬರುವ ಬಗೆ ಹೇಗೆ ಎಂಬ ಕುರಿತು ಅರ್ಜಿದಾರನು ಹೇಳಿದ್ದನ್ನು ಕಚೇರಿಯ ಭಾಷೆಗೆ ತಿರುಗಿಸಲು ಬರೆಯುವವನಿಗೆ ಬಾರದ ಕಾರಣ, ಅವನ ಬಾಯಿಮಾತನ್ನೇ ಇಲ್ಲಿ ನಮೂದಿಸಿದೆ:

“ನೀ ನನ್ನ ಗಾಡ್ಯಾಗ ಬರಬೇಕಂತೇನಿಲ್ಲ. ಮಾವನ ಬಂಡ್ಯಾಗ ಕುಂದ್ರು, ಮಾವನೇ ಹೊಡೀಲಿ. ನನ್ನ ಗಾಡಿ ಹಿಂದ ಬರತೈತಿ. ಈಗ ಟಾಯರ್ ಸಣ್ಣ ಅದಾವ, ಬಂಡಿಜಾಡಿನಾಗ ಸರಿಯಾಗಿ ಕುಂದರ್ತಾವ. ಎತ್ತು ನಡದಷ್ಟೇ ನಡಸ್ತೀನಿ. ಮಸ್ಕಿ ಮುಟ್ಟಾಕ ಎಷ್ಟು ಹೊತ್ತಾದ್ರೂ ಆಗ್ಲಿ. ಹಾರ್ನ್ ಹೊಡಿಯಂಗಿಲ್ಲ.”