ಡ್ರೇಶ್ಟ್ರೋಮ್ ಮತ್ತು ಕುಣಿಗಲ್ಲಿನ ಒಬ್ಬಟ್ಟು

ನಾನು ಮನಸ್ಸು ಮಾಡಿದರೆ ಜರ್ಮನರೇ ತಮ್ಮ ಭಾಷೆಯ ಅನುಮಾನಗಳನ್ನು ಹೊತ್ತುಕೊಂಡು ನನ್ನ ಮನೆ ಬಾಗಿಲಿಗೆ ಬರಬೇಕು! ಹೀಗೆಂದು ನಾನು ಘೋಷಿಸಿದ್ದು ಯಾವ ಸಭೆಯಲ್ಲೂ ಅಲ್ಲ, ತುಮಕೂರಿನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿ. ಸಭಿಕರು ಒಬ್ಬರೇ, ನನ್ನ ಹೆಂಡತಿ ಪ್ರಮೀಳಾ. ಆಕೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಒಬ್ಬಟ್ಟಿನ ಕಣಕ ನಾದುತ್ತಿದ್ದಳು.

“ಮೊದ್ಲು ಆ ಎಣ್ಣೆ ಬಾಟ್ಲಿ ಕೊಡಿ. ಜರ್ಮನರು ಬಂದಾಗ ನೋಡ್ಕೊಳ್ಳೋಣ,” ಎಂದಳು.

ನನ್ನ ಜಂಬಕ್ಕೆ ಕಾರಣವಿಲ್ಲದಿರಲಿಲ್ಲ. ಗುಬ್ಬಿ ದಾಟಿ ಒಳಗೆ ಹೋದರೆ ಸಿಗುವ ನಮ್ಮೂರಿನ ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮನೆಗೆ ತಂದು ಗೋಡೆಗೆ ನೇತುಹಾಕಿದ ಮೊದಲಿಗ ನಾನು. ತುಮಕೂರಿನ ಹೊರಗೆ ಕೋರದ ಕಡೆಯ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸವೇ ಯಂತ್ರಗಳ ಬಳಕೆಯ ಕೈಪಿಡಿ ಬರೆಯುವುದು. ಸಾಲದೆಂದು ಭಾನುವಾರಗಳಂದು ಆನ್‌ಲೈನಿನಲ್ಲಿ ಜರ್ಮನ್ ಪಾಠಕ್ಕೆ ಸೇರಿದ್ದೆ. ‘ನನ್ನ ಹೆಸರು ರಂಗನಾಥ್, ನನಗೆ ಸೇಬು ಇಷ್ಟ’ ಎಂಬುದನ್ನು ತಡವರಿಸದೆ ಜರ್ಮನ್ನಿನಲ್ಲಿ ಹೇಳಬಲ್ಲವನಾಗಿದ್ದೆ. ನಿಜಕ್ಕೂ ನನಗಿಷ್ಟ ಹಲಸು. ಆದರೆ ಪಾಠಪುಸ್ತಕದಲ್ಲಿ ಹಲಸು ಇರಲಿಲ್ಲ!

ಪ್ರಮೀಳೆಯದು ಒಬ್ಬಟ್ಟಿನ ಉದ್ಯಮ. ಅಕ್ಕಪಕ್ಕದ ಬೀದಿಗಳ ಹಬ್ಬಹರಿದಿನಗಳಿಗೆ ಮಾಡಿಕೊಡುತ್ತಿದ್ದವಳಿಗೆ ಅವತ್ತು ಮೊದಲ ಬಾರಿಗೆ ದೊಡ್ಡ ಆರ್ಡರ್ ಬಂದಿತ್ತು. ಕುಣಿಗಲ್ಲಿನ ಮಾಲಿನಿ ಮೇಡಂ ಅವರ ಗೃಹಪ್ರವೇಶ. ಮೇಡಂ ಹೈಸ್ಕೂಲು ಟೀಚರು. ಊರಿಗೆ ಊರೇ ಅವರ ಶಿಷ್ಯಕೋಟಿ. ಒಬ್ಬಟ್ಟು ಚೆನ್ನಾಗಾದರೆ ಕುಣಿಗಲ್ ಸೀಮೆಯ ಮದುವೆ ಮುಂಜಿಗಳೆಲ್ಲ ಪ್ರಮೀಳೆಯ ಪಾಲು. ಕೆಟ್ಟರೆ ಅದೇ ಶಿಷ್ಯಕೋಟಿ ಊರೆಲ್ಲ ಡಂಗುರ ಹೊಡೆಯುತ್ತದೆ. ಎದುರು ಬೀದಿಯ ಇಬ್ಬರು ಹೆಂಗಸರನ್ನು ನಾದಲು ಕರೆಯಬೇಕೆಂದು ಅವಳು ಯೋಚಿಸಿದ್ದಳು.

“ಯಾರನ್ನೂ ಕರೀಬೇಡ! ನಾನಿದೀನಿ,” ಎಂದೆ.

“ನೀವು ನಾದ್ತೀರಾ?”

“ಛೆ! ಮಷಿನ್ ತರ್ತೀನಿ.”

ಹಳೇ ಸಾಮಾನಿನ ಶಿವರಾಮಯ್ಯನವರ ಅಂಗಡಿಯಲ್ಲಿ ಹಿಟ್ಟು ನಾದುವ ಯಂತ್ರವೊಂದು ಧೂಳು ಹಿಡಿದು ಕೂತಿದ್ದನ್ನು ನಾನು ಮೊದಲೇ ಕಣ್ಣಿಟ್ಟು ನೋಡಿದ್ದೆ. ಮುಚ್ಚಿಹೋದ ಯಾವುದೋ ಬೇಕರಿಯದು. ದೊಡ್ಡ ಸ್ಟೀಲಿನ ಬಟ್ಟಲು, ಅದರೊಳಗೆ ಆನೆಯ ಸೊಂಡಿಲಿನಂಥ ಕಬ್ಬಿಣದ ಕೊಕ್ಕೆ. ಅಪ್ಪಟ ಜರ್ಮನ್ ಮಾಲು! ಲಗೇಜ್ ಆಟೋದಲ್ಲಿ ಮೆರವಣಿಗೆ ಮಾಡಿಸಿ ಮನೆಗೆ ತಂದೆ. ಅದರ ಬೆನ್ನ ಮೇಲಿನ ತಗಡಿನಲ್ಲಿ ದಪ್ಪಕ್ಷರದಲ್ಲಿ ಒಂದೇ ಒಂದು ಪದ ಉಳಿದಿತ್ತು: ‘ಡ್ರೇಶ್ಟ್ರೋಮ್’. ಮಿಕ್ಕಿದ್ದೆಲ್ಲ ಸವೆದು ಹೋಗಿತ್ತು.

ನನ್ನ ಕಣ್ಣು ಹೊಳೆಯಿತು. ಡಿಕ್ಷನರಿ ತೆಗೆದೆ.

“ನೋಡು ಪ್ರಮೀಳಾ, ಡ್ರೇ ಅಂದ್ರೆ ತಿರುಗೋದು. ಶ್ಟ್ರೋಮ್ ಅಂದ್ರೆ ಕರೆಂಟು. ದೊಡ್ಡ ಹೊಳೆ ಅಂತಾನೂ ಅರ್ಥ ಇದೆ.”

“ತಿರುಗೋ ಹೊಳೆ?”

“ಸಿನಿಮಾ ಶೂಟಿಂಗ್ ಮಾಡೋದಕ್ಕೂ ಅದೇ ಡ್ರೇ ಬಳಸ್ತಾರಂತೆ.”

“ಅಂದ್ರೆ ಹೊಳೇಲಿ ಶೂಟಿಂಗು. ಇದ್ರಲ್ಲಿ ಹಿಟ್ಟು ನಾದೋದು ಎಲ್ಲಿ ಬಂತು?”

ಅನುವಾದಕನ ಕಷ್ಟ ಅಡುಗೆಯವರಿಗೆ ಹೇಗೆ ತಿಳಿಯಬೇಕು! ಅರ್ಥಗಳನ್ನೆಲ್ಲ ಜರಡಿ ಹಿಡಿದು ಕೊನೆಗೆ ಇಂಗ್ಲಿಷಿನಲ್ಲಿ ‘ರೋಟರಿ ಕರೆಂಟ್’ ಎಂದು ತೀರ್ಮಾನಿಸಿ, ದುಂಡಗೆ ಬರೆದು ಯಂತ್ರದ ಹಣೆಗೆ ಅಂಟಿಸಿದೆ. ವಿವರಣೆಯನ್ನೂ ಕೊಟ್ಟೆ: ತಿರುಗದ ಕರೆಂಟು ಇಸ್ತ್ರಿಪೆಟ್ಟಿಗೆಗೆ, ತಿರುಗುವ ಕರೆಂಟು ಫ್ಯಾನಿಗೆ, ಮಿಕ್ಸಿಗೆ. ನಮ್ಮ ಮನೆಯಲ್ಲಿ ಎರಡೂ ಧಾರಾಳವಾಗಿವೆ!

ಆದರೆ ಸುತ್ತಿಟ್ಟಿದ್ದ ಯಂತ್ರದ ವೈರಿನ ಬಾಲ ಬಿಚ್ಚಿದಾಗ ತುದಿಯಲ್ಲಿದ್ದ ಪ್ಲಗ್ಗು ಎಳನೀರಿನ ಬುರುಡೆಯಷ್ಟಿತ್ತು. ಅದರ ಬಾಯಿತುಂಬ ಐದು ಹಲ್ಲು! ನಮ್ಮ ಗೋಡೆಯ ಬಡಪಾಯಿ ಸಾಕೆಟ್ಟು ಅದನ್ನು ಕಂಡು ಇನ್ನಷ್ಟು ಒಳಗೆ ಸರಿದಂತೆ ಕಾಣಿಸಿತು.

“ನಿಮ್ಮ ರೋಟರಿ ಕರೆಂಟಿಗೆ ಇಷ್ಟೊಂದು ಹಲ್ಲು ಯಾಕ್ರೀ?” ಎಂದಳು ಪ್ರಮೀಳಾ.

ಮಾನ ಹೋದರೂ ಚಿಂತೆಯಿಲ್ಲವೆಂದು ನಮ್ಮ ಜರ್ಮನ್ ಟೀಚರಿಗೆ ಫೋಟೋ ಕಳಿಸಿದೆ. ಉತ್ತರ ಕೂಡಲೇ ಬಂತು: ‘ಡ್ರೇಶ್ಟ್ರೋಮ್ ಅಂದರೆ ಥ್ರೀ ಫೇಸ್ ಕರೆಂಟ್. ದಯವಿಟ್ಟು ಏನನ್ನೂ ಮುಟ್ಟಬೇಡಿ.’

ಥ್ರೀ ಫೇಸ್! ನಾನು ಕುಣಿದಾಡಿಬಿಟ್ಟೆ. ಪರದೇಶದವನೆಂದು ತಿಳಿದಿದ್ದವನು ಸೋದರಮಾವನೇ ಆಗಿಬಿಟ್ಟಿದ್ದ! ಡಿಕ್ಷನರಿಯಲ್ಲಿ ಅದು ಒಂದು ಬಗೆಯ ವಿದ್ಯುತ್ತು, ಅಷ್ಟೆ. ನಮ್ಮೂರಿನಲ್ಲಿ ಅದು ದಿನಚರಿ, ಪಂಚಾಂಗ, ಅತಿಥಿ ಎಲ್ಲವೂ. ಮನೆಗಳಿಗೆ ಬರುವ ಸಾದಾ ಕರೆಂಟಿನ ಮಾತು ಬೇರೆ. ಪಂಪ್‌ಸೆಟ್ಟಿಗೆ ಬೇಕಾದ ಥ್ರೀ ಫೇಸ್ ಪಾಳಿಯ ಮೇಲೆ ಬರುತ್ತದೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಊಟವಾಯಿತೇ ಎನ್ನುವುದಕ್ಕೆ ಮೊದಲು ಥ್ರೀ ಫೇಸ್ ಬಂತೇ ಎಂದು ಕೇಳುವ ಜನ ನಾವು.

“ನಮ್ಮ ಮನೇಲಿ ಥ್ರೀ ಫೇಸ್ ಎಲ್ಲಿದೆ? ಓನರ್ ಒಂದು ಮೊಳೆ ಹೊಡೆಯೋಕೂ ಬಿಡಲ್ಲ,” ಎಂದಳು ಪ್ರಮೀಳಾ.

“ನಮ್ಮ ತೋಟದಲ್ಲಿದೆ ಕಣೇ! ಈ ವಾರ ಹಗಲು ಪಾಳಿ. ಬೆಳಿಗ್ಗೆ ಹೋಗಿ, ನಾದಿಸ್ಕೊಂಡು, ಮಧ್ಯಾಹ್ನಕ್ಕೆ ವಾಪಸ್!”

“ನಾಡಿದ್ದು ಗೃಹಪ್ರವೇಶ. ನಾಳೆ ಕಣಕ ಆಗ್ಲಿಲ್ಲ ಅಂದ್ರೆ ನನ್ನ ಮರ್ಯಾದೆ ಕಥೆ ಮುಗೀತು. ಗೊತ್ತಲ್ಲ?”

“ಜರ್ಮನ್ ಯಂತ್ರ, ಗುಬ್ಬಿ ಕರೆಂಟು, ನನ್ನ ತಲೆ! ಇನ್ನೇನು ಬೇಕು?”

“ಮೂರನೇದ್ರ ಮೇಲೇ ನಂಗೆ ಅನುಮಾನ,” ಎಂದಳು.

ಮಾರನೆಯ ದಿನ ರಜೆ ಹಾಕಿ, ಯಂತ್ರ, ಮೈದಾ, ಚಿರೋಟಿ ರವೆ, ಎಣ್ಣೆಯ ಡಬ್ಬ ಮತ್ತು ಪ್ರಮೀಳೆಯ ಸಮೇತ ತೋಟದ ಪಂಪ್‌ಹೌಸಿಗೆ ದಂಡೆತ್ತಿ ಹೋದೆ. ಅಪ್ಪ ವೆಂಕಟರಂಗಯ್ಯ ಯಂತ್ರದ ಸುತ್ತ ಪ್ರದಕ್ಷಿಣೆ ಬಂದರು.

“ಏನ್ಲಾ ಇದು, ಹಸ ಹಿಂಡೋ ಮಿಸಿನ್ನಾ?”

“ಕಣಕ ನಾದೋದು ಅಪ್ಪ. ಜರ್ಮನೀದು.”

“ಜರ್ಮನಿಯೋರು ಒಬ್ಬಟ್ಟು ತಿಂತಾರೇನ್ಲಾ?”

ಈ ಪ್ರಶ್ನೆಗೆ ನನ್ನ ಪಾಠಪುಸ್ತಕದಲ್ಲಿ ಉತ್ತರವಿರಲಿಲ್ಲ. ಐದು ಹಲ್ಲಿನ ಪ್ಲಗ್ಗನ್ನು ಕತ್ತರಿಸಿ, ಪಂಪಿನ ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ತಂತಿಗಳಿಗೇ ಯಂತ್ರದ ತಂತಿಗಳನ್ನೂ ಜೋಡಿಸಿದೆ. ಪಂಪು ಓಡಿದರೆ ಯಂತ್ರವೂ ಓಡಬೇಕು. ಒಂದೇ ಗುಂಡಿಗೆ ತೋಟಕ್ಕೆ ನೀರು, ಕುಣಿಗಲ್ಲಿಗೆ ಒಬ್ಬಟ್ಟು!

ಕಣಕದ ಸಾಮಾನು ಬಟ್ಟಲಿಗೆ ಸುರಿದು ಕಾದೆವು. ಥ್ರೀ ಫೇಸ್ ಬಂತು. ಗುಂಡಿ ಒತ್ತಿದೆ. ಕೊಕ್ಕೆ ತಿರುಗಿತು, ಆದರೆ ಉಲ್ಟಾ! ಕಣಕ ಕೆಳಗೆ ಕೂರುವ ಬದಲು ಕೊಕ್ಕೆಯನ್ನು ತಬ್ಬಿಕೊಂಡು ಮೇಲೆ ಹತ್ತತೊಡಗಿತು. ಪಂಪಿನ ಜೊತೆ ಬೆಳೆದವನಿಗೆ ಇದೇನು ಮಹಾ! ಮೇನ್ ಸ್ವಿಚ್ ಎಳೆದು, ಯಂತ್ರದ ಎರಡು ತಂತಿಗಳನ್ನು ಅದಲು ಬದಲು ಮಾಡಿ ಮತ್ತೆ ಒತ್ತಿದೆ. ಕೊಕ್ಕೆ ಸರಿಯಾಗಿ ತಿರುಗಿತು. ಪ್ರಮೀಳಾ ಬಗ್ಗಿ ನೋಡಿ, “ಪರವಾಗಿಲ್ಲ ರೀ,” ಎಂದಳು. ಮದುವೆಯಾದ ಮೇಲೆ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ!

ಪ್ರಶಸ್ತಿಯನ್ನು ಅನುಭವಿಸುವ ಮೊದಲೇ ಕರೆಂಟು ಹೋಯಿತು.

“ಲೈನ್ ಕೆಲ್ಸ ಐತಂತೆ. ಇನ್ನೇನು ಬತ್ತದೆ ಬುಡು. ಉಂಡ್ಕೊಂಡು ಬರಾನ ಬನ್ರಿ,” ಎಂದರು ಅಪ್ಪ. ಕಣಕ ಅರ್ಧವಷ್ಟೇ ನಾದಿಕೊಂಡಿತ್ತು. ಪ್ರಮೀಳಾ ಎಣ್ಣೆ ಸವರಿ, ಒದ್ದೆ ಬಟ್ಟೆ ಹೊದಿಸಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

“ಎಲ್ಲಾ ಸರಿಯಾಗಿ ಮಾಡಿದ್ರಾ?”

“ಮಾಡ್ದೆ ಕಣೇ!”

ಮಾಡಿದ್ದೇನೋ ನಿಜ. ಪಂಪ್‌ಹೌಸ್ ಬಿಟ್ಟು ಹೊರಡುವಾಗ ಸ್ಟಾರ್ಟರನ್ನು ಆಟೋಗೆ ಹಾಕುವುದು ನಮ್ಮ ಕಡೆಯ ಧರ್ಮ. ಆಟೋದಲ್ಲಿದ್ದರೆ ಕರೆಂಟು ಯಾವ ಹೊತ್ತಿಗೆ ಬಂದರೂ, ಯಾರೂ ಇಲ್ಲದಿದ್ದರೂ, ಪಂಪು ತಾನೇ ಎದ್ದು ಕೆಲಸ ಶುರು ಮಾಡುತ್ತದೆ. ಹುಡುಗನಾಗಿದ್ದಾಗ ಆಟೋಗೆ ಹಾಕುವುದನ್ನು ಮರೆತು ಅಪ್ಪನ ಕೈಯಲ್ಲಿ ತಿಂದ ಏಟುಗಳು ನನ್ನ ಬೆರಳುಗಳಿಗೆ ಇನ್ನೂ ನೆನಪಿವೆ. ತಲೆಯನ್ನು ಕೇಳದೆ ಬೆರಳು ತಾನೇ ಹೋಗಿ ಸ್ವಿಚ್ಚಿನ ಕಡ್ಡಿಯನ್ನು ಆಟೋಗೆ ತಳ್ಳಿತ್ತು.

ಮನೆಯಲ್ಲಿ ಅವ್ವ ದೊಡ್ಡಗಂಗಮ್ಮ ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಮುದ್ದೆ ಅರ್ಧವಾಗಿತ್ತು. ಮನೆಯ ಹಿಂದಿನ ಕಾಲುವೆಯಲ್ಲಿ ಜುಳುಜುಳು ಸದ್ದಾಯಿತು.

“ನೀರು ಬಂತು ಕಣ್ಲಾ! ತ್ರೀ ಪೇಸು!” ಎಂದು ಅಪ್ಪ ಹಿಗ್ಗಿದರು.

“ಬಂತಾ? ಒಳ್ಳೇದಾಯ್ತು!” ಎಂದು ನಾನೂ ಹಿಗ್ಗಿ, “ಅವ್ವಾ, ಇನ್ನೊಂದು ಮುದ್ದೆ ಹಾಕು,” ಎಂದೆ.

ಅವ್ವ ಕಿವಿ ನಿಮಿರಿಸಿದರು. “ಅದೇನ್ಲಾ ಸದ್ದು ತೋಟದ ತಾವ? ಬಿದರೆಹಳ್ಳ ಕಾವಲ್ ಪ್ಯಾಕ್ಟ್ರಿ ಹೆಲಿಕಾಪ್ಟ್ರು ಇಳೀತಾ ಐತಾ?”

ಇನ್ನೊಂದು ಮುದ್ದೆಯನ್ನು ನಾನು ಆಗಲೇ ಮುರಿದಿದ್ದೆ. ಪ್ರಮೀಳೆಯ ಕೈ ಮಾತ್ರ ತಟ್ಟೆಯಲ್ಲೇ ನಿಂತಿತು.

“ರೀ... ಪಂಪು ತಿರುಗಿದ್ರೆ ಮಷಿನ್ನೂ ತಿರುಗುತ್ತೆ ಅಂದಿದ್ರಿ ಅಲ್ವಾ?”

ಬಾಯಲ್ಲಿದ್ದ ಮುದ್ದೆಯನ್ನು ನುಂಗಿದೆನೋ ಬಿಟ್ಟೆನೋ ನೆನಪಿಲ್ಲ. ಎಂಜಲು ಕೈಯಲ್ಲೇ ಓಡಿದೆ. ಹಿಂದೆ ಪ್ರಮೀಳಾ, ಅವಳ ಹಿಂದೆ ಅಪ್ಪ, ಅಪ್ಪನ ಹಿಂದೆ ಏನು ಎತ್ತ ಎಂದು ತಿಳಿಯದ ನಾಯಿ!

ಪಂಪ್‌ಹೌಸಿನ ಒಳಗೆ ಜರ್ಮನ್ ತಾಂತ್ರಿಕತೆ ತನ್ನ ವಿಶ್ವರೂಪ ತೋರಿಸುತ್ತಿತ್ತು. ಒದ್ದೆ ಬಟ್ಟೆ ಕೊಕ್ಕೆಗೆ ಸುತ್ತಿಕೊಂಡು ಪೇಟವಾಗಿ, ಆ ಪೇಟದ ಸುತ್ತ ಕಣಕ ಹಗ್ಗವಾಗಿ ಹೊಸೆದುಕೊಂಡು, ಸುತ್ತಿ ಸುತ್ತಿ ನಾಲ್ಕೂ ದಿಕ್ಕಿಗೆ ಸಿಡಿಯುತ್ತಿತ್ತು. ಹೆಂಚಿಗೆ ಕಣಕ, ಗೋಡೆಗೆ ಕಣಕ, ತೂಗುಹಾಕಿದ್ದ ಲಕ್ಷ್ಮಿಯ ಕ್ಯಾಲೆಂಡರಿಗೂ ಕಣಕ. ನಿಲ್ಲಿಸೋಣವೆಂದರೆ ಸ್ಟಾರ್ಟರಿನ ಕೆಂಪು ಗುಂಡಿಯೇ ಅರಿಶಿನ ಬಣ್ಣದ ಹಿಟ್ಟಿನಡಿ ಮಾಯ! ಒಂದು ಮುದ್ದೆ ನನ್ನ ಕೆನ್ನೆಗೆ ಬಂದು ಫಟ್ಟನೆ ಬಡಿಯಿತು. ಕಣ್ಣು ಮುಚ್ಚಿಕೊಂಡೇ ಮೇನ್ ಎಳೆದೆ.

ಸದ್ದು ನಿಂತಿತು. ಹೆಂಚಿನಿಂದ ಒಂದು ತುಣುಕು ನಿಧಾನವಾಗಿ ಜಾರಿ ಅಪ್ಪನ ಹೆಗಲ ಮೇಲೆ ಬಿತ್ತು. ಅವರು ಬೆರಳಲ್ಲಿ ಎಳೆದು ನೋಡಿ, “ಹದವಾಗಿ ನಾದ್ಬುಟ್ಟೈತೆ ಕಣ್ಲಾ,” ಎಂದರು.

ಪ್ರಮೀಳಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೀರಿನ ತೊಟ್ಟಿಯ ಅಂಚಿಗೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣನ್ನೂ ಒರೆಸಿಕೊಂಡಳೆಂದು ನನಗನ್ನಿಸಿತು. “ಮಾಲಿನಿ ಮೇಡಂಗೆ ಏನು ಹೇಳ್ಲಿ?” ಎಂದಳು, ಯಾರನ್ನೂ ನೋಡದೆ.

ಆ ದನಿ ಕೇಳಿ ನನ್ನ ಡಿಗ್ರಿ, ಡಿಕ್ಷನರಿ, ಭಾನುವಾರದ ಪಾಠ ಎಲ್ಲವೂ ಒಟ್ಟಿಗೆ ತಲೆ ತಗ್ಗಿಸಿದವು. ಅಪ್ಪನ ಬೈಕು ಹತ್ತಿ ಗುಬ್ಬಿಗೆ ಹಾರಿ, ಹೊಸದಾಗಿ ಮೈದಾ, ರವೆ ತಂದೆ. ಅವ್ವನ ದೊಡ್ಡ ತಾಮ್ರದ ಕೊಳಗ ಎಳೆದುಕೊಂಡು ಅಂಗಳದಲ್ಲಿ ಕಾಲು ಚಾಚಿ ಕೂತೆ.

“ಹೇಳು, ಹೇಗೆ ನಾದ್ಬೇಕು?”

ಪ್ರಮೀಳಾ ಸೆರಗು ಸಿಕ್ಕಿಸಿಕೊಂಡು ಎದುರು ಬಂದು ಕೂತಳು.

“ಅಂಗೈ ಬುಡದಲ್ಲಿ ಒತ್ತಿ. ಅಯ್ಯೋ, ಅದು ಕೀಬೋರ್ಡಲ್ಲ ಕುಟ್ಟೋಕೆ! ಎಳೀರಿ. ಮಡಚಿ. ಎಣ್ಣೆ ಹಾಕಿ. ಮತ್ತೆ.”

ಅವ್ವ ಬಾಗಿಲಿಗೆ ಒರಗಿ ನಿಂತು ನಕ್ಕರು. “ಕಾಲೇಜು ಓದ್ಸಿದ್ದು ಸಾರ್ಥಕಾಯ್ತು ಕಣವ್ವ ಪ್ರಮೀಳಾ. ನಿಲ್ಲುಸ್ಬ್ಯಾಡ, ಇನ್ನೂ ನಾದ್ಲಿ.” ಆಗಾಗ ಒಂದು ಲೋಟ ಕಾಫಿ ತಂದು ನನ್ನ ಬಾಯಿಗೇ ಹಿಡಿಯುತ್ತಿದ್ದರು, ಕೈ ಖಾಲಿ ಇರಲಿಲ್ಲವಲ್ಲ! ಹೊತ್ತು ಮುಳುಗುವವರೆಗೆ ನಾದಿದೆ. ಜರ್ಮನ್ನಿನಲ್ಲಿ ಈ ಕೈನೋವಿಗೆ ಏನೆನ್ನುತ್ತಾರೋ, ನನಗಂತೂ ಕನ್ನಡದಲ್ಲಿ ಕೂಗಿಕೊಳ್ಳುವಂತಾಗಿತ್ತು.

ಯಂತ್ರ ಅಲ್ಲೇ ಉಳಿಯಿತು. ಅವ್ವ ಅದರ ಬಟ್ಟಲನ್ನು ಕಳಚಿ ಹಸುವಿಗೆ ಹಿಂಡಿ ನೆನೆಹಾಕಲು ಇಟ್ಟುಕೊಂಡರು. ಹಸು ಅದರಲ್ಲಿ ಬಲು ಇಷ್ಟಪಟ್ಟು ತಿನ್ನುತ್ತದಂತೆ.

ಮಾರನೆಯ ದಿನ ಕುಣಿಗಲ್ಲಿನಲ್ಲಿ ಗೃಹಪ್ರವೇಶ ಜೋರಾಗಿ ನಡೆಯಿತು. ಪಂಕ್ತಿಯ ಮೇಲೆ ಪಂಕ್ತಿ ಎದ್ದರೂ ಒಬ್ಬಟ್ಟಿನ ಮಾತೇ ಮಾತು. ಊಟದ ಕೊನೆಗೆ ಮಾಲಿನಿ ಮೇಡಂ ಸ್ವತಃ ಬಂದು ಪ್ರಮೀಳೆಯ ಕೈ ಹಿಡಿದುಕೊಂಡರು. ಮುಂದಿನ ತಿಂಗಳು ಅವರ ತಂಗಿಯ ಮಗಳ ಮದುವೆಯಂತೆ, ಒಬ್ಬಟ್ಟು ಇವಳದೇ ಆಗಬೇಕಂತೆ.

“ಎಷ್ಟು ತೆಳು, ಎಷ್ಟು ಮೃದು ರೀ! ಇಷ್ಟೊಂದು ಕಣಕ ಕೈಯಲ್ಲಂತೂ ಆಗಿರಲ್ಲ. ಮಷಿನ್ ಇಟ್ಟಿದೀರಾ?”

ನನ್ನ ಎದೆ ತಾನೇ ಉಬ್ಬಿತು. “ಅದು ಏನಂದ್ರೆ ಮೇಡಂ, ಜರ್ಮನ್ ಭಾಷೇಲಿ ಡ್ರೇಶ್ಟ್ರೋಮ್ ಅಂತ...” ಎಂದು ಬಾಯಿ ತೆರೆದೆ.

ಪ್ರಮೀಳಾ ಊದಿಕೊಂಡಿದ್ದ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಹಿಂದಕ್ಕೆ ಸರಿಸಿದಳು.

“ಇದೆ ಮೇಡಂ, ಗುಬ್ಬಿ ಕಡೆ ಮಷಿನ್ನು. ಥ್ರೀ ಫೇಸ್ ಗೀಸ್ ಏನೂ ಬೇಡ, ಕಾಫಿ ಹಾಕಿದ್ರೆ ಸಂಜೆವರೆಗೂ ಓಡುತ್ತೆ. ಬಾಯೊಂದು ಮಾತ್ರ ಆಟೋದಲ್ಲಿದೆ. ಅದನ್ನ ಆಫ್ ಮಾಡೋ ಗುಂಡಿ ಇನ್ನೂ ಸಿಕ್ಕಿಲ್ಲ!”