ಗುಡಿಬಂಡೆಗೆ ಹೋಗಬಲ್ಲ ಕ್ಲಚ್ಚು

ನಮ್ಮ ಕಾರಿನ ಕ್ಲಚ್ಚನ್ನು ಆರಿಸಿದವರು ಯಾರು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಇತಿಹಾಸಗಳಿವೆ. ಒಂದರ ಪ್ರಕಾರ ನಾನು, ಇನ್ನೊಂದರ ಪ್ರಕಾರ ನನ್ನ ಹೆಂಡತಿ ರತ್ನ. ನಿಜವಾಗಿ ನಡೆದದ್ದೇನು ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವನು. ಕಣ್ಣಾರೆ ಕಂಡದ್ದನ್ನೂ ಅನುಮಾನಿಸಬೇಕು ಎಂದು ಅಲ್ಲಿ ಕಲಿಸಿದರು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಂಡದ್ದನ್ನು ಮರೆಯುವುದನ್ನೂ ರೂಢಿ ಮಾಡಿಕೊಂಡೆ. ನಮ್ಮ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಕರೆಂಟು ಹೋಗಿ ಎಲ್ಲ ಕತ್ತಲಾಯಿತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಮದುವೆ ನಡೆದದ್ದು ಹಗಲು ಹೊತ್ತಿನಲ್ಲಿ, ಬಯಲಲ್ಲಿ ಹಾಕಿದ್ದ ಚಪ್ಪರದಡಿ ಎಂದು ರತ್ನ ಫೋಟೊ ತೋರಿಸುತ್ತಾಳೆ. ಫೋಟೊಗಳನ್ನೂ ಅನುಮಾನಿಸಬಹುದು, ಆದರೆ ಅವಳೆದುರು ಅಲ್ಲ. ನೆನಪು ಹೀಗೆ ಕೈಕೊಟ್ಟರೂ ತರ್ಕ ನನಗೆ ಎಂದೂ ಕೈಕೊಟ್ಟಿಲ್ಲ. ಹಾಗಾಗಿ ನೆನಪಿದ್ದಷ್ಟು ಹೇಳಿ, ಸಂದು ಬಿಟ್ಟಲ್ಲಿ ತರ್ಕವನ್ನು ತುರುಕುತ್ತೇನೆ.

ಕಾರು ನಮ್ಮ ಯೋಗ್ಯತೆಗೆ ಮೀರಿದ್ದು. ಓಬಳಾಪುರದ ಕಡೆ ಗಣಿ ಜೋರಾಗಿದ್ದಾಗ ಯಾರೋ ಒಬ್ಬ ಹುಡುಗಾಟದ ಮನುಷ್ಯ ಸಾಧಾರಣ ಪುಟ್ಟ ಕಾರೊಂದನ್ನು ಕೊಂಡು, ಅದರ ಇಂಜಿನ್ನಿಗೆ ಗಾಳಿ ಊದುವ ಟರ್ಬೊ ಕೂಡಿಸಿ, ಹೊಗೆ ಕೊಳವೆಯನ್ನು ತೊಡೆಯಷ್ಟು ದಪ್ಪ ಮಾಡಿಸಿ, ಕಂಪನಿಯವರು ಕೊಟ್ಟ ಶಕ್ತಿಯನ್ನು ದುಪ್ಪಟ್ಟು ಮಾಡಿಸಿಕೊಂಡಿದ್ದನಂತೆ. ಗಣಿ ನಿಂತಿತು, ಅವನ ಓಟವೂ ನಿಂತಿತು. ಕಾರು ಕೈಯಿಂದ ಕೈಗೆ ಜಾರಿ ರಾಯದುರ್ಗದ ನಮ್ಮ ಓಣಿಗೆ ಬಂತು. ನಾವು ಕೊಂಡದ್ದು ಅದರ ಶಕ್ತಿಗೆ ಮರುಳಾಗಿ ಅಲ್ಲ, ಹಿಂದಿನ ಸೀಟು ಕಿತ್ತು ಹಾಕಿದ್ದರಿಂದ ಜೀನ್ಸ್ ಬಂಡಲ್ ಹಿಡಿಸುತ್ತಿತ್ತು ಎಂದು.

ಬಂಡಲ್ಲುಗಳು ರತ್ನಳವು. ರಾಯದುರ್ಗದಲ್ಲಿ ಅವಳದೊಂದು ಹೊಲಿಗೆ ಯೂನಿಟ್ ಇದೆ. ಅವಳ ತವರು ಮಡಕಶಿರಾ ಪಕ್ಕದ ಗುಡಿಬಂಡೆ. ಅಲ್ಲಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಆರು ಜನಕ್ಕೊಂದು ಕೋಣೆ ಹಿಡಿದು ಇರುತ್ತಿದ್ದ ಕಾಲ. ಕೆಲಸವನ್ನೇ ಅವರ ಊರಿಗೆ ಒಯ್ದರೆ ಹೇಗೆ ಎಂದು ಇವಳು ಅಲ್ಲೂ ಒಂದಿಷ್ಟು ಮೆಷಿನ್ ಹಾಕಿಸಿದಳು. ಕತ್ತರಿಸಿದ ಬಟ್ಟೆ ಇಲ್ಲಿಂದ ಹೋಗಬೇಕು, ಹೊಲಿದ ಪ್ಯಾಂಟು ಅಲ್ಲಿಂದ ಬರಬೇಕು. ಬೆಳಗ್ಗೆ ಹೊರಟರೆ ಮುಟ್ಟುವಷ್ಟರಲ್ಲಿ ಊಟದ ಹೊತ್ತು. ಬಾಡಿಗೆ ಡ್ರೈವರುಗಳು ಬರುತ್ತೇನೆಂದ ದಿನ ಬರುತ್ತಿರಲಿಲ್ಲ, ಬಂದ ದಿನ ಮಧ್ಯಾಹ್ನ ಬರುತ್ತಿದ್ದರು. ಮೆಷಿನ್ನುಗಳು ಸುಮ್ಮನೆ ಕೂತವು. ಮುಂದಿನ ವಾರವೂ ಬಂಡಲ್ ಬರದಿದ್ದರೆ ನಾವು ಬೆಂಗಳೂರು ಬಸ್ಸು ಹತ್ತುತ್ತೇವೆ ಎಂದು ಅಲ್ಲಿಂದ ಫೋನು ಬಂತು. ರತ್ನ ಆಗಷ್ಟೇ ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಇನ್ನು ತಾನೇ ಓಡಿಸಿಕೊಂಡು ಹೋಗುವುದೆಂದು ತೀರ್ಮಾನ ಮಾಡಿದಳು. ಆಗಲೇ ಕ್ಲಚ್ಚು ಹೋಯಿತು.

ಕ್ಲಚ್ಚು ಎಂದರೆ ಇಂಜಿನ್ನು ಚಕ್ರವನ್ನು ಹಿಡಿದುಕೊಳ್ಳುವ ಕೈ ಎಂದು ತಿಳಿಯಿರಿ. ನಮ್ಮ ಕಾರಿನಲ್ಲಿ ಇಂಜಿನ್ನಿಗೆ ಭೀಮನ ಬಲ, ಕೈ ಮಾತ್ರ ಹಳೆಯ ಪುಟ್ಟ ಕಾರಿನದೇ. ಹಿಡಿತ ಜಾರಿತು. ಇಂಜಿನ್ನು ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ನಾನು ಪಾಠ ಮಾಡುವ ಕಾಲೇಜಿನ ಆಡಳಿತ ಮಂಡಳಿಯ ಸಭೆಗಳನ್ನು ಕಂಡವನಾದ್ದರಿಂದ ನನಗೆ ರೋಗ ತಕ್ಷಣ ಅರ್ಥವಾಯಿತು.

ಮೆಕ್ಯಾನಿಕ್ ಬಾಷಾನ ಬಳಿ ಹೋದೆ. ಬಾಷಾ ಒಳ್ಳೆಯ ಕೆಲಸಗಾರ, ಆದರೆ ಯಾರಿಗೂ ಇಲ್ಲ ಎನ್ನಲಾರದವನು. ಬಲ ಹೆಚ್ಚಿದ್ದಷ್ಟೂ ಹಿಡಿತ ಗಟ್ಟಿ ಇರಬೇಕು, ಆದ್ದರಿಂದ ಸಿಗುವುದರಲ್ಲೆಲ್ಲ ಅತಿ ಗಟ್ಟಿಯಾದ ರೇಸ್ ಕ್ಲಚ್ಚೇ ಸರಿ ಎಂದು ನಾನು ವಾದ ಮಂಡಿಸಿದೆ. "ಹೌದ್ರಿ ಸಾರ್, ಗಟ್ಟಿ ಇರಬೇಕ್ರಿ," ಎಂದ. ತಜ್ಞನೂ ಒಪ್ಪಿದ ಮೇಲೆ ಇನ್ನೇನು? ಬೆಂಗಳೂರಿನಿಂದ ತರಿಸಿ ಹಾಕಿಸಿಯೇಬಿಟ್ಟೆ. ಅದರ ತಟ್ಟೆಯ ಮೇಲೆ ಮೆತ್ತನೆ ಪಟ್ಟಿಯ ಬದಲು ನಾಲ್ಕಾರು ಗಟ್ಟಿ ಬಿಲ್ಲೆಗಳಿದ್ದವು. ಹಿಡಿದರೆ ಉಡ, ಬಿಟ್ಟರೆ ಗಾಳಿ. ನಡುವೆ ಏನೂ ಇಲ್ಲ. ಪೆಡಲ್ ಒತ್ತುವುದೆಂದರೆ ಬೀಸುಕಲ್ಲನ್ನು ಕಾಲಲ್ಲಿ ತಳ್ಳಿದಂತೆ. ನನ್ನ ಎಡತೊಡೆ ನಡುಗುತ್ತಿತ್ತು. ರೇಸಿನವರಿಗೆ ಹೀಗೇ ಇರುತ್ತದೆ ಎಂದು ಅದಕ್ಕೂ ಕಾರಣ ಕೊಟ್ಟುಕೊಂಡೆ.

ರತ್ನಳ ಕಾಲಿನ ಕಥೆಯೇ ಬೇರೆ. ಜೀನ್ಸ್ ಹೊಲಿಯುವ ಮೆಷಿನ್ನಿನ ಕೆಳಗೆ ಮೋಟರೊಂದು ಸದಾ ಗುಂಯ್ ಎನ್ನುತ್ತಿರುತ್ತದೆ, ಅದರೊಳಗೂ ಒಂದು ಕ್ಲಚ್ಚಿದೆ. ಪಾದ ಒತ್ತಿದರೆ ಅದು ಹಿಡಿದು ಸೂಜಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಾರಿನದು ಉಲ್ಟಾ: ಒತ್ತಿದರೆ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ. ಬುದ್ಧಿ ನೆಟ್ಟಗಿದ್ದಾಗ ರತ್ನಳಿಗೆ ಇದು ಗೊತ್ತು. ಗಾಬರಿಯಾದಾಗ ಮಾತ್ರ ಅವಳ ಕಾಲು ಮೆಷಿನ್ನಿನ ಮುಂದೆ ಹೋಗಿ ಕೂರುತ್ತಿತ್ತು. ನಿಲ್ಲಬೇಕು ಅನ್ನಿಸಿದ ಕೂಡಲೇ ಎರಡೂ ಕಾಲು ಎತ್ತಿಬಿಡುವಳು. ಅವಳಷ್ಟೇ ಅಲ್ಲ, ಅವಳ ಯೂನಿಟ್ಟಿನ ಯಾರನ್ನು ಕೂರಿಸಿದರೂ ಇದೇ ತಪ್ಪು ಮಾಡುತ್ತಾರೆಂದು ನನ್ನ ನಂಬಿಕೆ.

ಹೊಸ ಕ್ಲಚ್ಚಿನ ಪರೀಕ್ಷೆಗೆ ಅವಳನ್ನು ಸ್ಟೀರಿಂಗಿನ ಮುಂದೆ ಕೂರಿಸಿ ಇಬ್ಬರೂ ಹೊರಟೆವು. ಪೇಟೆ ಬೀದಿಯ ತಿರುವಿನಲ್ಲಿ ಕುರಿಹಿಂಡು ಎದುರಾಯಿತು. ರತ್ನಳಿಗೆ ನಿಲ್ಲಿಸುವ ಆಸೆಯಾಯಿತು, ಕಾಲು ಎತ್ತಿದಳು. ಕಾರು ಹೋತದ ಹಾಗೆ ಒಮ್ಮೆ ನೆಗೆದು, ಕೊನೆಯ ಕುರಿಯ ಬಾಲದ ಹತ್ತಿರ ಹೋಗಿ, ಇಂಜಿನ್ನು ಬಂದ್ ಆಗಿ ನಿಂತಿತು. ಮತ್ತೆ ಚಾಲೂ ಮಾಡಿದಳು, ಮತ್ತೆ ನೆಗೆಯಿತು. ಕುರಿಗಳು ಹೋಗುವಷ್ಟು ನಿಧಾನಕ್ಕೆ ಹೋಗುವುದು ಆ ಕ್ಲಚ್ಚಿಗೆ ಗೊತ್ತೇ ಇರಲಿಲ್ಲ. ಹಿಂಡಿನ ಹಿಂದಿದ್ದ ಮುದುಕ ಕಂಬಳಿ ಸರಿಮಾಡಿಕೊಂಡು, ಕಿಟಕಿಯಲ್ಲಿ ಬಗ್ಗಿ, ನಿಜವಾದ ಕಳಕಳಿಯಿಂದ ಕೇಳಿದ: "ಯಾಕ್ರಿ ತಾಯಿ, ಗಾಡಿಗೆ ಹೊಟ್ಟಿ ನೋವೇನ್ರಿ?"

ರತ್ನ ಇಳಿದು ಮನೆಗೆ ನಡೆದೇ ಹೋದಳು. ಈ ಕಾರಿನಲ್ಲಿ ಮಡಕಶಿರಾ ಸಂತೆ ಬೀದಿ ದಾಟಲಾರೆ, ಯೂನಿಟ್ ಮುಚ್ಚುತ್ತೇನೆಂದು ತವರಿಗೆ ಹೇಳಿಬಿಡುತ್ತೇನೆ ಎಂದಳು. ಇಂಜಿನ್ನಿನ ಬಲ, ಬಿಲ್ಲೆಗಳ ಹಿಡಿತ ಎಲ್ಲವನ್ನೂ ನಾನು ಮತ್ತೊಮ್ಮೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಜೀನ್ಸ್‌ಗೆ ಅಂತ ದಪ್ಪ ಸೂಜಿ ಹಾಕ್ತೀವಿ ಕಣ್ರೀ. ಅದ್ಕೇಂತ ಆನೆ ಕಾಲು ತಂದು ಹಾಕ್ಕಂತೀವಾ?" ಎಂದಳು. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಅದು ಯಾವ ಪುಟದಲ್ಲಿದೆ ಎಂದು ಆ ರಾತ್ರಿ ಹಳೆಯ ಪುಸ್ತಕ ತೆರೆದೆ.

ಮರುದಿನ ಅವಳೇ ಗ್ಯಾರೇಜಿಗೆ ಬಂದಳು. ಸೀರೆ ಅಂಗಡಿಯಲ್ಲಿ ಸೆರಗು ಮುಟ್ಟಿ ನೋಡುವಂತೆ, ರಿಪೇರಿಗೆ ನಿಂತಿದ್ದ ಒಂದೊಂದೇ ಗಾಡಿ ಹತ್ತಿ ಪೆಡಲ್ ಒತ್ತಿ ನೋಡಿದಳು. ಇದು ಬಿಗಿ, ಇದು ಸಡಿಲ, ಇದು ಕಿರ್ ಅನ್ನುತ್ತದೆ. ಕೊನೆಗೆ ಹಳೆಯ ವ್ಯಾನೊಂದರಲ್ಲಿ ಅವಳ ಮುಖ ಅರಳಿತು. "ನೋಡಪ್ಪ ಬಾಷಾ, ಹಿಂಗಿರ್ಬೇಕು. ಬೆಣ್ಣೆ ಒತ್ತಿದಂಗೈತೆ."

ಬಾಷಾ ಬಗ್ಗಿ ನೋಡಿದ. ಅವನು ಇಲ್ಲ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅದು ಕ್ಲಚ್ ಅಲ್ರಿ ಅಕ್ಕಾ, ಬ್ರೇಕ್ ಐತ್ರಿ. ಅದೂ ಕೆಟ್ಟು ಬಂದೈತ್ರಿ."

ನಾನು ನಕ್ಕೆನೆಂದು ರತ್ನ ಹೇಳುತ್ತಾಳೆ. ನಕ್ಕಿರಲಾರೆ. ಆದರೆ ಇಬ್ಬರೂ ಒಂದೊಂದು ತಪ್ಪು ಮಾಡಿ ಸರಿಸಮವಾದ ಮೇಲೆ ಮಾತು ಹದಕ್ಕೆ ಬಂತು. ತಟ್ಟೆಯ ಸುತ್ತ ಪೂರ್ತಿ ಮೆತ್ತನೆ ಪಟ್ಟಿ ಇರುವ, ಮೇಲಿನ ಒತ್ತುವ ಸ್ಪ್ರಿಂಗು ಮಾತ್ರ ಒಂದಿಷ್ಟು ಬಿರುಸಾದ ಕ್ಲಚ್ಚು ಸಿಗುತ್ತದಂತೆ. ಮೆಲ್ಲಗೆ ಹಿಡಿಯುತ್ತದೆ, ಅರ್ಧಕ್ಕೆ ನಿಲ್ಲಿಸಿದರೂ ನಡೆಯುತ್ತದೆ, ಕಾಲು ತಪ್ಪಿದರೂ ನೆಗೆಯುವುದಿಲ್ಲ. ಆದರೆ ಆಕ್ಸಿಲರೇಟರ್ ಪೂರ್ತಿ ತುಳಿದರೆ ಟರ್ಬೊದ ಬಲವನ್ನೆಲ್ಲ ಅದು ತಾಳಲಾರದು, ಜಾರಬಹುದು ಎಂದ ಬಾಷಾ. ಹಾಗಾದರೆ ಅರ್ಧ ಇಂಜಿನ್ನು ದಂಡವಾಯಿತಲ್ಲ ಎಂದು ನಾನು ಆಕ್ಷೇಪ ಎತ್ತಿದೆ.

"ಗುಡಿಬಂಡೆಗೆ ಅರ್ಧ ಇಂಜಿನ್ ಸಾಕು," ಎಂದಳು ರತ್ನ. "ಇನ್ನರ್ಧ ನೀವೇ ಮಡಿಕ್ಕಳಿ."

"ಹೌದ್ರಿ," ಎಂದ ಬಾಷಾ.

ನಾನು ತಲೆಯಾಡಿಸಿದೆ. ಆ ತಲೆಯಾಡಿಸುವಿಕೆಯನ್ನೇ ನಾನು ಆಯ್ಕೆ ಎನ್ನುವುದು. ರತ್ನ ಅದನ್ನು ಸೋಲು ಎನ್ನುತ್ತಾಳೆ. ಕ್ಲಚ್ಚು ಬಂತು, ಕೂತಿತು. ಊರಾಚೆಯ ಬಯಲಿನಲ್ಲಿ ಅವಳು ಎರಡು ಮುಂಜಾನೆ ಓಡಿಸಿ ಕಾಲಿಗೆ ಬುದ್ಧಿ ಹೇಳಿದಳು. ಆಮೇಲೆ ಬಂಡಲ್ ತುಂಬಿಸಿಕೊಂಡು ಹೊರಟಳು. ಊಟದ ಹೊತ್ತಿಗೆ ಫೋನು ಬಂತು. ಅವಳ ಮಾತಿನ ಹಿಂದೆ ಮೆಷಿನ್ನುಗಳ ಗಲಾಟೆ ಎಷ್ಟಿತ್ತೆಂದರೆ ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಬೆಂಗಳೂರು ಬಸ್ಸಿಗೆಂದು ಗಂಟು ಕಟ್ಟಿದ್ದವರು ಗಂಟು ಬಿಚ್ಚಿದ್ದರು.

ಇದೆಲ್ಲ ಆಗಿ ವರ್ಷಗಳಾದವು. ಗುಡಿಬಂಡೆಯ ಯೂನಿಟ್ ಈಗ ಮೊದಲಿಗಿಂತ ದೊಡ್ಡದು. ರಜೆಯ ದಿನಗಳಲ್ಲಿ ನಾನೂ ಹೋಗುತ್ತೇನೆ. ಸ್ಟಾಫ್ ರೂಮಿನಲ್ಲಿ ಮಾತು ಬಂದಾಗ, ನಾನು ಜೊತೆಗಿದ್ದರೆ ನಾನೇ ಓಡಿಸುವುದು, ಅಷ್ಟು ಬಲದ ಗಾಡಿ ನೋಡಿ ಎಂದು ಹೇಳುತ್ತಾ ಬಂದಿದ್ದೆ. ಹೇಳಿದ್ದು ಸುಳ್ಳೆಂದು ನನಗೆ ಅನ್ನಿಸಿರಲಿಲ್ಲ. ಆ ಹಾದಿಯ ಕಡಲೆಕಾಯಿ ಹೊಲ, ರಾಗಿ ಹೊಲ, ಮಡಕಶಿರಾ ಹತ್ತಿರದ ಹಿಪ್ಪುನೇರಳೆ ತೋಟ ಎಲ್ಲ ಕಣ್ಣಿಗೆ ಕಟ್ಟಿದಂತಿವೆ. ಆದರೆ ಒಂದು ದಿನ ಪಾಠ ಮಾಡುತ್ತಿದ್ದಾಗ ನಡುವೆ ಹೊಳೆಯಿತು: ನನ್ನ ನೆನಪಿನಲ್ಲಿ ಆ ಹೊಲಗಳೆಲ್ಲ ಎಡಗಡೆಯ ಕಿಟಕಿಯಲ್ಲೇ ಇವೆ.

ಅನುಮಾನ ಬಂದ ಮೇಲೆ ಪರೀಕ್ಷಿಸದೆ ಬಿಡುವವನಲ್ಲ ನಾನು. ಭಾನುವಾರ ರತ್ನ ಸ್ನಾನಕ್ಕೆ ಹೋದಾಗ ಕಾರಿನ ಡ್ರೈವರ್ ಸೀಟಿನಲ್ಲಿ ಕೂರಲು ಹೋದೆ. ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಕನ್ನಡಿಯಲ್ಲಿ ನನ್ನ ಅಂಗಿಯ ಗುಂಡಿ ಕಂಡಿತು. ಸೀಟನ್ನು ಹಿಂದಕ್ಕೆ ಸರಿಸೋಣವೆಂದು ಅಡಿಯ ಹಿಡಿ ಎಳೆದರೆ ಅಲ್ಲಾಡಲಿಲ್ಲ. ಇಳಿದು, ಬಗ್ಗಿ, ಟಾರ್ಚು ಹಾಕಿ ನೋಡಿದೆ. ಸೀಟು ಜಾರುವ ಕಂಬಿಯ ತುಂಬ ಜೀನ್ಸಿನ ನೀಲಿ ಧೂಳು ದಾರದೊಂದಿಗೆ ಬೆರೆತು, ಉಂಡೆಗಟ್ಟಿ, ಕಲ್ಲಾಗಿ ಕೂತಿತ್ತು. ಅದನ್ನು ಯಾರೂ ಹಿಂದಕ್ಕೆ ಸರಿಸಿ ವರ್ಷಗಳೇ ಆಗಿವೆ. ಪಕ್ಕದ ಎಡಗಡೆಯ ಸೀಟಿನಲ್ಲೂ ಕೂತು ನೋಡಿದೆ. ಅದು ನನ್ನ ಅಳತೆಗೆ ಸರಿಯಾಗಿದೆ.