ಮೀನೇ ಇಲ್ಲವೆಂದು ಒಂದು ಅರ್ಜಿ

ಅರ್ಜಿ ಬರೆದುಕೊಡಲು ಬಂದ ನಾನು, ಬಂದರಿನಲ್ಲಿ ಕಟ್ಟಿದ್ದ ಭಾವನ ದೋಣಿಗೆ ಕಾಲಿಟ್ಟವನೇ ಬಲೆಗೆ ಎಡವಿ, ಮೀನು ತುಂಬಿದ ಬುಟ್ಟಿಯೊಳಗೆ ಸುಖಾಸೀನನಾದೆ. ಭಾವ ಮತ್ತು ಅಕ್ಕ ಜಗಳ ನಿಲ್ಲಿಸಲಿಲ್ಲ. ಏಳಲು ಕೈಯನ್ನೂ ಕೊಡಲಿಲ್ಲ.

ಭಾವ: ಸಮುದ್ರದಲ್ಲಿ ಮೀನೇ ಇಲ್ಲ ಅಂತ ಶುರು ಮಾಡು.

ನಾನು: ಮತ್ತೆ ನಾನು ಯಾವುದರ ಮೇಲೆ ಕೂತಿದ್ದೀನಿ, ಭಾವ?

ಭಾವ: ಅದೇನೋ ದಾರಿ ತಪ್ಪಿ ಬಂದಿದ್ದು.

ಅಕ್ಕ: ನಾಲ್ಕು ಬುಟ್ಟೀನೂ ದಾರಿ ತಪ್ಪಿ ಬಂತೇನ್ರೀ? ಮೂರು ವರ್ಷದ ಹಿಂದೆ ಬೆರಳುದ್ದದ್ದು ತರ್ತಿದ್ರಿ. ಮಾರುಕಟ್ಟೆ ಬೆಕ್ಕುಗಳೂ ನನ್ನ ನೋಡಿ ಮುಖ ತಿರುಗಿಸ್ತಿದ್ವು. ಈಗ ಒಂದೊಂದೂ ಮೊಳದುದ್ದ.

ಮೂರು ವರ್ಷದ ಹಿಂದೆ ಸರ್ಕಾರ, ಮೀನು ಬೆಳೆಯಲೆಂದು, ದಡದ ಹತ್ತಿರ ನೀರಿನ ಮೇಲೆ ಕೆಂಪು ತೇಲುಗುಂಡುಗಳ ಸಾಲು ಬಿಟ್ಟು, ಅದರೊಳಗೆ ಬಲೆ ಬೀಸಕೂಡದು ಎಂದಿತ್ತು. ಊರಿನವರು ಅದನ್ನು 'ಬೇಲಿ' ಎಂದು ಬೈಯುತ್ತಾರೆ. ಬೈಯುತ್ತಲೇ ದಿನಾ ಬೆಳಗ್ಗೆ ದೋಣಿಗಳನ್ನು ಅದಕ್ಕೆ ಮೂಗು ತಾಗಿಸಿ ನಿಲ್ಲಿಸುತ್ತಾರೆ.

ಭಾವ: ನಾನು ಬೇಲಿ ದಾಟಿದ್ದೀನಾ? ನನ್ನ ಬಲೆ ಯಾವತ್ತೂ ಹೊರಗೇ.

ಅಕ್ಕ: ಎಷ್ಟು ಹೊರಗೆ?

ಭಾವ: ಒಂದು ಮಾರು.

ಅಕ್ಕ: ಬೇಲಿಯೊಳಗೆ ಹುಟ್ಟಿ, ಅಲ್ಲೇ ಕೊಬ್ಬಿ, ಜಾಗ ಸಾಲದೆ ಹೊರಗೆ ಬಂದ ಮೀನು ನಿಮ್ಮ ಬಲೆಗೇ ಬೀಳತ್ತೆ. ತಿನ್ನೋದೂ ಬೇಲಿ ಮೀನು, ಬೈಯೋದೂ ಬೇಲೀನೇ!

ಭಾವ: ಹುಟ್ಟು ಹಾಕಿ ದೋಣಿ ನಡೆಸೋ ಮುದುಕರಿಗೆ ದಡದ ಹತ್ತಿರದ ಜಾಗ ಹೋಯ್ತಲ್ಲ, ಅದು ಸುಳ್ಳಾ?

ಅಕ್ಕ: ಅದು ನಿಜ. ಅವರ ಹೆಸರು ಅರ್ಜೀಲಿ ಇರತ್ತಾ?

ಭಾವ: ಅವರು ನಮ್ಮ ಮೀನುಗಾರರ ಸಂಘದಲ್ಲೇ ಇಲ್ವಲ್ಲ.

ಅಕ್ಕ: ಆಹಾ, ಏನು ಕರುಣೆ!

ಭಾವ: ಮೆಲ್ಲಗೆ ಮಾತಾಡೇ! ಬೇಲಿ ಕಿತ್ತು ಹಾಕಿಸ್ತೀನಿ ಅಂತ ಎದೆ ತಟ್ಟಿ ಅಧ್ಯಕ್ಷ ಆದೋನು ನಾನು. ನಾಳೆ ಅಧಿಕಾರಿ ಮುಂದೆ ಅರ್ಜಿ ಇಡದಿದ್ರೆ ಕುರ್ಚಿಯಿಂದ ಎಳೆದು ಹಾಕ್ತಾರೆ.

ಅಕ್ಕ: ಇಟ್ಟು, ಅವರು ನಿಜವಾಗ್ಲೂ ಕಿತ್ತೇಬಿಟ್ರೆ? ದೊಡ್ಡ ದೊಡ್ಡ ದೋಣಿ ನುಗ್ಗಿ ವಾರದಲ್ಲಿ ಮೀನೆಲ್ಲ ಗುಡಿಸಿ ಹಾಕ್ತವೆ. ಆಮೇಲೆ ನಿಮ್ಮ ಕುರ್ಚೀನ ಹುರಿದು ಬಡಿಸ್ತೀನಿ, ತಿನ್ನಿ.

ನಾನು ಹೇಗೋ ಎದ್ದು, ಪ್ಯಾಂಟಿಗೆ ಅಂಟಿದ ಮೀನಿನ ಹುರುಪೆ ಕೊಡವಿ, ಸಾಹಿತಿಗೆ ತಕ್ಕ ಗಾಂಭೀರ್ಯದಿಂದ ಪೆನ್ನು ತೆರೆದೆ.

ನಾನು: ಕೊನೆಗೆ ಏನಂತ ಬರೀಲಿ ಭಾವ? ಬೇಲಿ ತೆಗೀರಿ ಅಂತಲೋ, ಬೇಡ ಅಂತಲೋ?

ಭಾವ: ತೆಗೀರಿ ಅಂತಾನೇ ಬರಿ. ಇಪ್ಪತ್ತು ವರ್ಷದಿಂದ ಪತ್ರಿಕೇಲಿ ಬರೀತಿದ್ದೀಯ, ನೀನು ಬರೆದಿದ್ದಕ್ಕೆ ಒಂದು ಬೀದಿದೀಪನಾದ್ರೂ ಹೊತ್ತಿದೆಯಾ? ಅದಕ್ಕೇ ನಿನ್ನ ಕರೆಸಿದ್ದು.